ಅಮ್ಮನ ರೂಮಿನ ಟಿವಿಗೆ ಸ್ಪ್ಲಿಟರ್ ಹಾಕಿದರೆ ಸಾಕಾ?

ಪ್ರಶ್ನೆ: ಹಾಲ್‌ನಲ್ಲಿ ಕೇಬಲ್ ಇದೆ, ತಿಂಗಳ ದುಡ್ಡು ಕಟ್ಟುತ್ತಿದ್ದೇವೆ. ಹಳೆಯ ಟಿವಿಯನ್ನು ಅಮ್ಮನ ರೂಮಿಗೆ ಹಾಕಿದ್ದೇವೆ. ಅದಕ್ಕೆ ಬೇರೆ ದುಡ್ಡು ಕಟ್ಟದೆ ಚಾನೆಲ್ ಬರುವ ಹಾಗೆ ಮಾಡೋದು ಹೇಗೆ? ಒಂದು ವೈರನ್ನು ಎರಡು ಮಾಡುವ ಸ್ಪ್ಲಿಟರ್ ಹಾಕಿದರೆ ಸಾಕು ಅಂತಾರೆ, ಹೌದಾ?

ಉತ್ತರ: ಇಲ್ಲ, ಸಾಕಾಗುವುದಿಲ್ಲ.

ಹಬ್ಬದ ಆಫರ್‌ನಲ್ಲಿ ಹಾಲ್‌ಗೆ ದೊಡ್ಡ ಟಿವಿ ಬರುತ್ತದೆ, ಹಳೆಯದು ಒಳಗೆ ಹೋಗುತ್ತದೆ, ಮರುದಿನವೇ ಈ ಪ್ರಶ್ನೆ ಹುಟ್ಟುತ್ತದೆ. ಎಷ್ಟು ಸಲ ಹೇಳಿದರೂ ಸ್ಪ್ಲಿಟರ್ ಮೇಲಿನ ನಂಬಿಕೆ ಹೋಗುತ್ತಿಲ್ಲ. ಅದಕ್ಕೆ ಈ ಸಲ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಂಬುವವರದ್ದು ಪೂರ್ತಿ ತಪ್ಪಲ್ಲ. ಒಂದು ಕಾಲಕ್ಕೆ ಅದು ನಿಜವಾಗಿತ್ತು. ಆಗ ಕೇಬಲ್ ವೈರ್‌ನಲ್ಲಿ ಎಲ್ಲ ಚಾನೆಲ್‌ಗಳೂ ಒಟ್ಟಿಗೆ, ಯಾವ ಬೀಗವೂ ಇಲ್ಲದೆ ಬರುತ್ತಿದ್ದವು. ಬೇಕಾದ್ದನ್ನು ಆರಿಸಿಕೊಳ್ಳುವ ಟ್ಯೂನರ್ ಟಿವಿಯೊಳಗೇ ಇತ್ತು. ವೈರ್ ಸೀಳಿ ಎರಡು ಟಿವಿಗೆ ಕೊಟ್ಟರೆ ಹಾಲ್‌ನಲ್ಲಿ ಕ್ರಿಕೆಟ್, ರೂಮಿನಲ್ಲಿ ಧಾರಾವಾಹಿ. ಅಂಗಡಿಯಲ್ಲಿ ಸಿಗುತ್ತಿದ್ದ ಸಣ್ಣ ಡಬ್ಬಿ ಸಾಕಾಗುತ್ತಿತ್ತು. ಕೇಬಲ್‌ನವರು ನೋಡಿಯೂ ನೋಡದ ಹಾಗೆ ಇರುತ್ತಿದ್ದರು.

ಆಮೇಲೆ ಕಾನೂನು ಬದಲಾಯಿತು. ಬೆಂಗಳೂರು, ಮೈಸೂರಿಗೆ 2013ರಲ್ಲಿ ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಯಿತು. ಉಳಿದ ಊರುಗಳಿಗೆ ಮುಂದಿನ ಹಂತಗಳಲ್ಲಿ ಬಂತು. ಅಲ್ಲಿಂದ ಮುಂದೆ ವೈರ್‌ನಲ್ಲಿ ಬರುವ ಚಾನೆಲ್‌ಗೆಲ್ಲ ಬೀಗ ಬಿತ್ತು, ಫ್ರೀ ಚಾನೆಲ್‌ಗೂ ಸೇರಿ. ಬೀಗದ ಕೀ ಇರುವುದು ಬಾಕ್ಸ್‌ನಲ್ಲಿ. ನೀವು ಕಟ್ಟುವ ದುಡ್ಡು ವೈರ್‌ಗಲ್ಲ, ಆ ಬಾಕ್ಸ್‌ಗೆ.

ಈಗ ಸ್ಪ್ಲಿಟರ್ ಎಲ್ಲಿ ಹಾಕುತ್ತೀರಿ? ಬಾಕ್ಸ್‌ಗಿಂತ ಮೊದಲು ಹಾಕಿದರೆ ಅಮ್ಮನ ಟಿವಿಗೆ ಬೀಗ ಹಾಕಿದ ಸಿಗ್ನಲ್ ಹೋಗುತ್ತದೆ. ಸ್ಕ್ರೀನ್ ಮೇಲೆ ಏನೂ ಬರುವುದಿಲ್ಲ. ಅಲ್ಲಿ ಇನ್ನೊಂದು ಬಾಕ್ಸ್ ಬೇಕು, ಅದಕ್ಕೆ ಇನ್ನೊಂದು ಕನೆಕ್ಷನ್ ದುಡ್ಡು. ಬಾಕ್ಸ್‌ನ ಆಚೆ ಹಾಕಿದರೆ ಚಿತ್ರ ಬರುತ್ತದೆ. ಆದರೆ ಬಾಕ್ಸ್ ಒಂದು ಹೊತ್ತಿಗೆ ಒಂದೇ ಚಾನೆಲ್ ಬಿಚ್ಚಿ ಕೊಡುತ್ತದೆ. ಹಾಲ್‌ನಲ್ಲಿ ಏನಿದೆಯೋ ರೂಮಿನಲ್ಲೂ ಅದೇ. ನೀವು ನ್ಯೂಸ್ ನೋಡುತ್ತಿದ್ದರೆ ಅಮ್ಮನೂ ನ್ಯೂಸ್ ನೋಡಬೇಕು. ಚಾನೆಲ್ ಬದಲಿಸಲು ಅವರು ಮಂಡಿನೋವು ಇಟ್ಟುಕೊಂಡು ಹಾಲ್‌ಗೆ ಬರಬೇಕು. ಇದಕ್ಕೆ ಎರಡನೇ ಟಿವಿ ಯಾಕೆ?

"ನಮ್ಮದು ಕೇಬಲ್ ಅಲ್ಲ, ಡಿಶ್, ಅದಕ್ಕೆ ಆಗುತ್ತಲ್ವಾ?" ಅನ್ನುವವರಿಗೂ ಇದೇ ಉತ್ತರ, ಕಾರಣ ಮಾತ್ರ ಬೇರೆ. ಕೇಬಲ್‌ಗೆಂದು ಮಾರುವ ಸ್ಪ್ಲಿಟರ್ ಸಾಮಾನ್ಯವಾಗಿ 5ರಿಂದ 1000 ಮೆಗಾಹರ್ಟ್ಸ್‌ವರೆಗಿನ ಸಿಗ್ನಲ್‌ಗೆ. ಡಿಶ್‌ನಿಂದ ಬರುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಸ್‌ದು. ಅದೂ ಅಲ್ಲದೆ ಡಿಶ್ ವೈರ್‌ನಲ್ಲಿ ಸಿಗ್ನಲ್ ಕೆಳಗೆ ಇಳಿಯುತ್ತದೆ, ಕರೆಂಟ್ ಮೇಲೆ ಹೋಗುತ್ತದೆ. ತಟ್ಟೆಯ ಮುಂದೆ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಎಂಬ ಭಾಗಕ್ಕೆ ಬಾಕ್ಸ್ ಸುಮಾರು 13 ವೋಲ್ಟ್ ಕಳಿಸಿದರೆ ಒಂದು ಗುಂಪಿನ ಚಾನೆಲ್, 18 ವೋಲ್ಟ್ ಕಳಿಸಿದರೆ ಇನ್ನೊಂದು ಗುಂಪು. ಎರಡು ಬಾಕ್ಸ್ ಒಂದೇ ಎಲ್‌ಎನ್‌ಬಿಗೆ ಬೇರೆ ಬೇರೆ ಆರ್ಡರ್ ಕೊಟ್ಟರೆ ಒಂದು ಬಾಕ್ಸ್‌ನಲ್ಲಿ ಚಿತ್ರ ನಿಂತುಹೋಗುತ್ತದೆ. "ನಮ್ಮ ಮನೆಯಲ್ಲಿ ನಡೀತಿದೆಯಲ್ಲ" ಎಂದು ಯಾರೋ ಖಂಡಿತ ಹೇಳುತ್ತಾರೆ. ನಡೆಯಬಹುದು. ಡಿಶ್‌ಗೆ ಸರಿಹೊಂದುವ ಸ್ಪ್ಲಿಟರ್ ಇದ್ದು, ಎರಡೂ ಬಾಕ್ಸ್ ಕೇಳುತ್ತಿರುವುದು ಒಂದೇ ಗುಂಪಾಗಿದ್ದರೆ ಮಾತ್ರ. ಸರಿಯಾದ ದಾರಿ ಎರಡು ಔಟ್‌ಪುಟ್ ಇರುವ ಟ್ವಿನ್ ಎಲ್‌ಎನ್‌ಬಿ. ಪೇಡ್ ಡಿಟಿಎಚ್ (ದುಡ್ಡು ಕಟ್ಟಿ ನೋಡುವ ಡಿಶ್ ಸೇವೆ) ಆದರೆ ಅದರ ಮೇಲೂ ಎರಡನೇ ಬಾಕ್ಸ್‌ನ ರೀಚಾರ್ಜ್.

ಸ್ಪ್ಲಿಟರ್ ಕತೆ ಇಲ್ಲಿಗೆ ಸಾಕು. ದುಡ್ಡಿಲ್ಲದೆ ಬೇಕು ಅಂದರೆ ಡಿಡಿ ಫ್ರೀ ಡಿಶ್ ಇದೆ. ದೂರದರ್ಶನ ನಡೆಸುವ ಪ್ರಸಾರ ಭಾರತಿಯ ಈ ಸೇವೆ 2004ರಿಂದ ನಡೆಯುತ್ತಿದೆ. ತಟ್ಟೆ, ಬಾಕ್ಸ್, ವೈರ್, ಹಾಕುವವರ ಕೂಲಿ ಎಲ್ಲ ಸೇರಿ ಸುಮಾರು 2000 ರೂಪಾಯಿ, ಒಂದೇ ಸಲ. ತಿಂಗಳ ರೀಚಾರ್ಜ್ ಇಲ್ಲ. ಫ್ರೀ ಡಿಶ್‌ಗೆ ಯಾರಾದರೂ ತಿಂಗಳ ದುಡ್ಡು ಕೇಳಿದರೆ ಬಾಗಿಲು ಹಾಕಿಕೊಳ್ಳಿ. ಟೆರೇಸ್ ಮೇಲೆ ಬಿಟ್ಟುಹೋದ ಹಳೆಯ ಡಿಟಿಎಚ್ ತಟ್ಟೆ ಇದ್ದರೆ ಅದೂ ಆಗುತ್ತದೆ, ಆದರೆ ತಿರುಗಿಸಬೇಕು. ಟಾಟಾ ಪ್ಲೇ ತಟ್ಟೆ 83 ಡಿಗ್ರಿ ಪೂರ್ವದ ಉಪಗ್ರಹ ನೋಡುತ್ತದೆ, ಏರ್‌ಟೆಲ್‌ನದು 108.2. ಫ್ರೀ ಡಿಶ್ ಇರುವುದು 93.5 ಡಿಗ್ರಿಯ ಜಿಸ್ಯಾಟ್-15ರಲ್ಲಿ. ನಮ್ಮ ರಾಜ್ಯದಿಂದ ಅದು ಆಗ್ನೇಯ ದಿಕ್ಕಿಗೆ. ಬಾಲ್ಕನಿ ಉತ್ತರಕ್ಕೆ ಮಾತ್ರ ಇರುವ ಅಪಾರ್ಟ್‌ಮೆಂಟ್‌ನವರು ಟೆರೇಸ್ ಕೇಳಿಕೊಳ್ಳದೆ ಬೇರೆ ದಾರಿ ಇಲ್ಲ. ಇನ್ನೊಂದು ಮಾತು: ಈಚಿನ ಕೆಲವು ಟಿವಿಗಳಲ್ಲಿ ಸ್ಯಾಟಲೈಟ್ ಟ್ಯೂನರ್ ಒಳಗೇ ಇರುತ್ತದೆ. ಮ್ಯಾನುಯಲ್‌ನಲ್ಲಿ ಡಿವಿಬಿ-ಎಸ್2 ಎಂದಿದ್ದರೆ ಡಿಶ್ ವೈರ್ ನೇರ ಟಿವಿಗೆ ಹಾಕಿ ನೋಡಿ. ಬಾಕ್ಸ್ ದುಡ್ಡು ಉಳಿಯಬಹುದು.

ಆದರೆ ಅಮ್ಮ ನೋಡುವುದು ಏನು? ಇದನ್ನು ಯಾರೂ ಮೊದಲು ಕೇಳುವುದಿಲ್ಲ. ಸಂಜೆಯ ಖಾಸಗಿ ಕನ್ನಡ ಧಾರಾವಾಹಿಗಳೇ ಬೇಕು ಅಂದರೆ ಫ್ರೀ ಡಿಶ್ ಹಾಕಿಸಿ ಬೈಸಿಕೊಳ್ಳಬೇಡಿ. ಅಲ್ಲಿ ಕನ್ನಡಕ್ಕೆ ಆಧಾರ ಡಿಡಿ ಚಂದನ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ದುಡ್ಡು ಕೊಟ್ಟು ಜಾಗ ಹಿಡಿಯಬೇಕು. ಕೇಬಲ್‌ನಲ್ಲಿ ತಿಂಗಳ ದರ ಸಿಗುವ ಚಾನೆಲ್ ತಾನೇ ದುಡ್ಡು ಕೊಟ್ಟು ಇಲ್ಲಿ ಪುಕ್ಕಟೆ ಯಾಕೆ ಬರುತ್ತದೆ? ಹಿಂದಿಯಲ್ಲೇ ನೋಡಿ, ದೊಡ್ಡ ಕಂಪನಿಗಳು ತಮ್ಮ ಫ್ರೀ ಚಾನೆಲ್‌ಗಳನ್ನು 2019ರಲ್ಲಿ ಇಲ್ಲಿಂದ ತೆಗೆದವು, 2020ರಲ್ಲಿ ವಾಪಸ್ ತಂದವು, 2022ರಲ್ಲಿ ಮತ್ತೆ ತೆಗೆದವು. ಧಾರಾವಾಹಿಯೇ ಬೇಕಾದರೆ ಕೇಬಲ್‌ನವರ ಹತ್ತಿರ ಎರಡನೇ ಬಾಕ್ಸ್ ದರ ಚೌಕಾಸಿ ಮಾಡಿ. ಎರಡನೇ ಟಿವಿಗೆ ನೆಟ್‌ವರ್ಕ್ ಶುಲ್ಕದ (ಚಾನೆಲ್ ದರ ಬಿಟ್ಟು ಕನೆಕ್ಷನ್‌ಗೆಂದು ಕಟ್ಟುವ ದುಡ್ಡು) 40%ಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂದು 2020ರಲ್ಲಿ ಟಿವಿ, ಫೋನ್ ಸೇವೆಗಳ ನಿಯಂತ್ರಕ ಸಂಸ್ಥೆ ಟ್ರಾಯ್ ಮಿತಿ ಹಾಕಿತ್ತು. 2024ರಲ್ಲಿ ಈ ಶುಲ್ಕದ ಮಿತಿಯನ್ನೇ ತೆಗೆದುಹಾಕಿತು. ಹಾಗಾಗಿ ಈಗ ಕೇಳಿದವರಿಗೆ ಒಂದು ದರ, ಕೇಳದವರಿಗೆ ಇನ್ನೊಂದು. ಅಮ್ಮನಿಗೆ ಬೇಕಾದ ನಾಲ್ಕೈದು ಚಾನೆಲ್ ಮಾತ್ರ ಹಾಕಿಸಿ, ಹಾಲ್‌ನ ಪ್ಯಾಕೇ ಅಲ್ಲಿಗೂ ಬೇಕಿಲ್ಲ.

ಮನೆಯಲ್ಲಿ ವೈಫೈ ಇದ್ದರೆ ನ್ಯೂಸ್‌ಗೆ ತಲೆನೋವೇ ಇಲ್ಲ. ಕನ್ನಡದ ನ್ಯೂಸ್ ಚಾನೆಲ್‌ಗಳು ಯೂಟ್ಯೂಬ್‌ನಲ್ಲಿ ಲೈವ್ ಬರುತ್ತವೆ. ಪ್ರಸಾರ ಭಾರತಿಯ ವೇವ್ಸ್ ಆ್ಯಪ್ 2024ರ ನವೆಂಬರ್‌ನಲ್ಲಿ ಬಂದಿದೆ, ದೂರದರ್ಶನದ ಚಾನೆಲ್‌ಗಳು ಅದರಲ್ಲಿ ಸಿಗುತ್ತವೆ. ಹಳೆಯ ಟಿವಿಯಲ್ಲಿ ಎಚ್‌ಡಿಎಂಐ ಕಿಂಡಿ ಇದ್ದರೆ ಅದಕ್ಕೆ ಸಿಕ್ಕಿಸಿ ಆ್ಯಪ್ ನೋಡುವ ಒಂದು ಸ್ಟಿಕ್ ಸಾಕು. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಮಾತ್ರ ಈ ಸಾಹಸ ಬೇಡ. ದಿನಕ್ಕೆ 1.5 ಜಿಬಿ ಪ್ಯಾಕ್ ಒಂದು ಸಿನಿಮಾ ಮುಗಿಯುವ ಮೊದಲೇ ಖಾಲಿ.

ಇಷ್ಟು ಹೇಳಿದ ಮೇಲೆ ಯಾರೂ ಕೇಳದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಫ್ರೀ ಡಿಶ್ ಇರುವ ಮನೆಯಲ್ಲಿ ಭಾರತದ ಒನ್‌ಡೇ ಮ್ಯಾಚ್ ಡಿಡಿಯಲ್ಲಿ ಬರುತ್ತದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಕೇಬಲ್‌ನಲ್ಲಿ, ಅದೇ ಡಿಡಿಯಲ್ಲಿ, ಬೇರೇನೋ ಬರುತ್ತಿರುತ್ತದೆ. ಇದು ಬಾಕ್ಸ್ ಕೆಟ್ಟಿದ್ದಲ್ಲ. ಸರ್ಕಾರ ರಾಷ್ಟ್ರೀಯ ಮಹತ್ವದ್ದು ಎಂದು ಗುರುತಿಸಿದ ಪಂದ್ಯಗಳ ಪ್ರಸಾರವನ್ನು ಹಕ್ಕು ಪಡೆದ ಕಂಪನಿ ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು ಎನ್ನುತ್ತದೆ 2007ರ ಕಾನೂನು. ಆದರೆ ಆ ಪ್ರಸಾರ ದೂರದರ್ಶನದ ಸ್ವಂತ ಟ್ರಾನ್ಸ್‌ಮಿಟರ್ ಮತ್ತು ಸ್ವಂತ ಡಿಟಿಎಚ್‌ಗೆ ಮಾತ್ರ, ಖಾಸಗಿ ಕೇಬಲ್‌ನವರಿಗೆ ಕೊಡುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೂರದರ್ಶನದ ಸ್ವಂತ ಡಿಟಿಎಚ್ ಅಂದರೆ ಇದೇ ಫ್ರೀ ಡಿಶ್. ಐಪಿಎಲ್ ಈ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕಾಗಿ ತಟ್ಟೆ ಹಾಕಿಸಬೇಡಿ.

ಫ್ರೀ ಡಿಶ್ ಹಾಕಿಸಿಕೊಂಡ ಮೇಲೆ ಒಂದು ದಿನ ಯಾವುದೋ ಚಾನೆಲ್ ಕಾಣೆಯಾಗುತ್ತದೆ. ಹರಾಜಾದ ಮೇಲೆ ಪಟ್ಟಿ ಬದಲಾಗುವುದು ಮಾಮೂಲಿ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ರಿಮೋಟ್ ತೆಗೆದುಕೊಂಡು ಮೆನುವಿನಲ್ಲಿ ಆಟೋ ಸ್ಕ್ಯಾನ್ ಒತ್ತಿ.