ಪೇರೋಲ್‌ನ ಲಿಂಗದ ಕಾಲಂ: ಎಲ್ಲಿಂದ ಬಂತು, ಎಲ್ಲಿ ಮುರಿಯುತ್ತದೆ

ತಿಂಗಳಿಗೆ 22,000 ರೂಪಾಯಿ ಸಂಬಳ ಎಂದಿಟ್ಟುಕೊಳ್ಳಿ. ಕೆಲಸ ಬೆಳಗಾವಿಯಲ್ಲಿದ್ದರೆ ವೃತ್ತಿ ತೆರಿಗೆ ಸೊನ್ನೆ. ಕರ್ನಾಟಕದಲ್ಲಿ 2023ರ ಏಪ್ರಿಲ್‌ನಿಂದ 25,000ಕ್ಕಿಂತ ಕಡಿಮೆ ಸಂಬಳದವರು ಯಾರೂ ಈ ತೆರಿಗೆ ಕಟ್ಟಬೇಕಿಲ್ಲ. ಅದೇ ಸಂಬಳ ಪುಣೆಯ ಹಿಂಜವಡಿಯಲ್ಲಿ ಬಂದರೆ ಲೆಕ್ಕ ಬೇರೆ. ದಾಖಲೆಯಲ್ಲಿ ಮಹಿಳೆ ಎಂದಿದ್ದರೆ ಸೊನ್ನೆ. ಪುರುಷ ಎಂದಿದ್ದರೆ ತಿಂಗಳಿಗೆ 200, ಫೆಬ್ರವರಿಗೆ 300, ವರ್ಷಕ್ಕೆ 2,500. ಮಹಾರಾಷ್ಟ್ರವೂ 25,000ದ ಮಿತಿ ತಂದದ್ದು ಅದೇ ಏಪ್ರಿಲ್‌ನಲ್ಲೇ, ಆದರೆ ಮಹಿಳೆಯರಿಗೆ ಮಾತ್ರ.

ಗಂಡು, ಹೆಣ್ಣು ಎರಡೂ ಅಲ್ಲದ (ನಾನ್‌ಬೈನರಿ) ಉದ್ಯೋಗಿಗೆ ಎಷ್ಟು? ಈ ನಿಯಮವನ್ನು ಸಂಬಳದ ಲೆಕ್ಕ ಹಾಕುವ ಪೇರೋಲ್ ಸಾಫ್ಟ್‌ವೇರ್‌ನ ಕೋಡ್‌ಗೆ ಇಳಿಸುವಾಗ ಕೈಗೆ ಮೊದಲು ಬರುವ ಸಾಲು ಇದು: ಮಹಿಳೆಯಾದರೆ ವಿನಾಯಿತಿ, ಇಲ್ಲದಿದ್ದರೆ ಸ್ಲ್ಯಾಬ್. ಆ ‘ಇಲ್ಲದಿದ್ದರೆ’ಯೊಳಗೆ ನಾನ್‌ಬೈನರಿ ಉದ್ಯೋಗಿ ಪುರುಷರ ಸಾಲಿಗೆ ಸೇರಿಹೋಗುತ್ತಾರೆ. ಕಾನೂನು ಹಾಗೆ ಹೇಳಿತು ಎಂದಲ್ಲ, ಪ್ರೋಗ್ರಾಂ ತೀರ್ಮಾನಿಸಿತು. ಇಂಥ ಸಾಲು ಬರೆಯುವವರಲ್ಲೇ ನಾನ್‌ಬೈನರಿ ಡೆವಲಪರ್‌ಗಳಿದ್ದಾರೆ, ಧಾರವಾಡ–ವಿಜಯಪುರದ ಕಡೆಯಿಂದ ಪುಣೆಗೆ ಹೋದವರೂ ಇದ್ದಾರೆ. ಫಾರ್ಮ್‌ಗೆ ಮೂರನೇ ಆಯ್ಕೆ ಸೇರಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಈ ಕಾಲಂ ಯಾತಕ್ಕಿದೆ ಎಂದು ಮೊದಲು ಕೇಳಬೇಕು.

ಪೇರೋಲ್‌ನಲ್ಲಿ ಅದಕ್ಕೊಂದು ಕಾಲಕ್ಕೆ ನಿಜವಾದ ಕೆಲಸವಿತ್ತು. 2011–12ರ ಆದಾಯಕ್ಕೆ ತೆರಿಗೆ ವಿನಾಯಿತಿ ಮಿತಿ ಪುರುಷರಿಗೆ 1,80,000, ಮಹಿಳೆಯರಿಗೆ 1,90,000. ಮರುವರ್ಷವೇ ಈ ವ್ಯತ್ಯಾಸ ಹೋಯಿತು. ಕಾಲಂ ಮಾತ್ರ ಹೋಗಲಿಲ್ಲ. ಕಡ್ಡಾಯ ಎಂಬ ಗುರುತಿನೊಡನೆ, ಒಂದೇ ಅಕ್ಷರದ ಅಗಲದಲ್ಲಿ, ‘ಎಂ’ ಅಥವಾ ‘ಎಫ್’ ಬಿಟ್ಟು ಬೇರೇನನ್ನೂ ಒಪ್ಪದ ನಿರ್ಬಂಧದೊಂದಿಗೆ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ನಕಲಾಗುತ್ತ ಬಂತು.

ಇದರ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 5218 ಮೊದಲು ಬಂದದ್ದು 1970ರ ದಶಕದಲ್ಲಿ. ಅದರಲ್ಲಿ ನಾಲ್ಕು ಸಂಕೇತಗಳು: 0 ಎಂದರೆ ಗೊತ್ತಿಲ್ಲ, 1 ಗಂಡು, 2 ಹೆಣ್ಣು, 9 ಅನ್ವಯಿಸುವುದಿಲ್ಲ. 9 ಇರುವುದು ಕಂಪನಿ, ಸಂಸ್ಥೆಗಳಂಥ ಕಾನೂನಾತ್ಮಕ ವ್ಯಕ್ತಿಗಳಿಗೆ. ನಾನ್‌ಬೈನರಿ ವ್ಯಕ್ತಿಗೆ 9 ಹಾಕಿದರೆ ಅವರು ಸಂಸ್ಥೆಗಳ ಪಟ್ಟಿಗೆ ಸೇರುತ್ತಾರೆ, 0 ಹಾಕಿದರೆ ‘ಇನ್ನೂ ಮಾಹಿತಿ ಬಂದಿಲ್ಲ’ ಎಂಬ ಪಟ್ಟಿಗೆ. ಪಾಸ್‌ಪೋರ್ಟ್‌ನಲ್ಲಿ ಯಂತ್ರ ಓದುವ ಸಾಲಿನ ಕಥೆಯೂ ಅಷ್ಟೇ. ಅಂತರರಾಷ್ಟ್ರೀಯ ನಿಯಮದಂತೆ ಗಂಡು–ಹೆಣ್ಣು ಎಂದು ನಮೂದಿಸದಿದ್ದಲ್ಲಿ ಆ ಸಾಲಿನಲ್ಲಿ ‘<’ ಚಿಹ್ನೆ ಬರುತ್ತದೆ. ಖಾಲಿ ಜಾಗ ತುಂಬಲು ಬಳಸುವ ಚಿಹ್ನೆಯೂ ಅದೇ. ಆ ಸಾಲನ್ನು ಓದಿ ಬಿಡಿಸುವ ಪ್ರೋಗ್ರಾಂ (ಪಾರ್ಸರ್) ಅದನ್ನು ತೆಗೆದುಹಾಕಿದರೆ ಉಳಿಯುವುದು ಖಾಲಿ ಪಠ್ಯ (ಸ್ಟ್ರಿಂಗ್). ಡೇಟಾಬೇಸ್ ಅದನ್ನು ಒಪ್ಪದೆ ಇಡೀ ದಾಖಲೆಯನ್ನೇ ವಾಪಸು ಕಳಿಸುತ್ತದೆ.

ಭಾರತದ ಫಾರ್ಮ್‌ಗಳು ಬದಲಾದದ್ದು ಒಂದೊಂದಾಗಿ, ಒಂದನ್ನೊಂದು ಕೇಳದೆ. 2005ರಲ್ಲಿ ಪಾಸ್‌ಪೋರ್ಟ್ ಅರ್ಜಿಗೆ ‘ಇ’ ಬಂತು, ಇಂಗ್ಲಿಷಿನ ‘ಯೂನಕ್’ (eunuch, ನಪುಂಸಕ) ಎಂಬ ಪದದ ಮೊದಲ ಅಕ್ಷರ. 2009ರಲ್ಲಿ ಚುನಾವಣಾ ಆಯೋಗ ‘ಇತರೆ’ ಎಂದು ಬರೆಸಲು ಅವಕಾಶ ಕೊಟ್ಟಿತು. ಮೊದಲ ಆಧಾರ್ ಸಂಖ್ಯೆ 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ತೆಂಭಲಿಯಲ್ಲಿ ಕೊಟ್ಟದ್ದು. ಆಧಾರ್‌ನ ಸಂಕೇತ ‘ಟಿ’, ಅಂದರೆ ಟ್ರಾನ್ಸ್‌ಜೆಂಡರ್. 2011ರ ಜನಗಣತಿಯಲ್ಲಿ ಸಂಕೇತ 3, ‘ಇತರೆ’: 4,87,803 ಜನ. ಆದರೆ ಜನಗಣತಿಯ ಮುಖ್ಯ ಕೋಷ್ಟಕ ತೆರೆದು ಕೂಡಿಸಿ ನೋಡಿ. ಗಂಡು 62,32,70,258, ಹೆಣ್ಣು 58,75,84,719; ಕೂಡಿದರೆ 1,21,08,54,977. ದೇಶದ ಒಟ್ಟು ಜನಸಂಖ್ಯೆಯೂ ಅಷ್ಟೇ, ಒಬ್ಬರೂ ಹೆಚ್ಚುಕಡಿಮೆ ಇಲ್ಲ. ಪ್ರತ್ಯೇಕವಾಗಿ ಎಣಿಸಿದ ಸುಮಾರು ಐದು ಲಕ್ಷ ಜನರನ್ನು ಕೋಷ್ಟಕ ಎರಡೇ ಕಾಲಮ್ಮಿನೊಳಗೆ ಮಡಚಿಬಿಟ್ಟಿದೆ. ಎಣಿಸುವುದೇ ಬೇರೆ, ಕಾಣಿಸುವುದೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕಿಲ್ಲ.

2014ರ ಏಪ್ರಿಲ್ 15ರ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ತಮ್ಮ ಲಿಂಗತ್ವವನ್ನು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ, ಶಸ್ತ್ರಚಿಕಿತ್ಸೆಗೆ ಒತ್ತಾಯಿಸುವಂತಿಲ್ಲ ಎಂದಿತು. ಆದರೆ ವ್ಯವಸ್ಥೆಗಳು ಪರಸ್ಪರ ತಾಳೆಯಾಗಲಿಲ್ಲ. 2017ರ ಜುಲೈಯಿಂದ ಆಧಾರ್–ಪ್ಯಾನ್ ಜೋಡಣೆ ಕಡ್ಡಾಯವಾಯಿತು. ಆಧಾರ್‌ನಲ್ಲಿ ‘ಟಿ’ ಇತ್ತು, ಪ್ಯಾನ್ ಅರ್ಜಿಯಲ್ಲಿ ಎರಡೇ ಆಯ್ಕೆ. ಒಂದೊಂದು ದಾಖಲೆಯೂ ತನ್ನಷ್ಟಕ್ಕೆ ಸರಿಯೇ, ಜೋಡಿಸಹೋದರೆ ಹೊಂದಿಕೆಯಿಲ್ಲ. ಪ್ಯಾನ್ ಅರ್ಜಿ ತಿದ್ದಿದ್ದು 2018ರ ಏಪ್ರಿಲ್‌ನಲ್ಲಿ.

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ ಮೂಲ ಪಠ್ಯ ತನ್ನ ವ್ಯಾಖ್ಯೆಯಲ್ಲಿ ಜೆಂಡರ್‌ಕ್ವಿಯರ್ (ಗಂಡು–ಹೆಣ್ಣು ಎಂಬ ಎರಡೇ ವಿಂಗಡಣೆಗೆ ಸೇರದ) ವ್ಯಕ್ತಿಗಳನ್ನೂ, ಕಿನ್ನರ, ಹಿಜಡಾ, ಅರವಾಣಿ ಸಮುದಾಯಗಳ ಜೊತೆ ಜೋಗತಾರನ್ನೂ ಹೆಸರಿಸಿತು. ಸವದತ್ತಿ ಯಲ್ಲಮ್ಮನ ಜೋಗಪ್ಪಂದಿರನ್ನು ಬಲ್ಲ ಗಡಿನಾಡಿನವರಿಗೆ ಈ ಸಾಲು ದೂರದ್ದಲ್ಲ. ಆದರೆ ನಾಲ್ಸಾ ಹೇಳಿದ ಸ್ವಯಂ ಘೋಷಣೆಯನ್ನು ಈ ಕಾಯ್ದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರಕ್ಕೆ ಕಟ್ಟಿಹಾಕಿತು. ಅಲ್ಲಿಂದ ಮುಂದೆ ಗಂಡು ಅಥವಾ ಹೆಣ್ಣು ಎಂದು ತಿದ್ದಿಸಲು ಶಸ್ತ್ರಚಿಕಿತ್ಸೆಯ ದಾಖಲೆ ಕೇಳಿತು. ಅದು ಹಿಮ್ಮುಖ ಹೆಜ್ಜೆಯೇ ಸರಿ.

ಸಾಫ್ಟ್‌ವೇರ್‌ನವರು ಗಮನವಿಟ್ಟು ಓದಬೇಕಾದ್ದು 2020ರ ಸೆಪ್ಟೆಂಬರ್‌ನ ನಿಯಮಗಳನ್ನು. ಆ ನಿಯಮಗಳು ಬಂದಾಗ ಹೇಳಿದ್ದು ಇಷ್ಟು: ಅರ್ಜಿ, ಅಫಿಡವಿಟ್ ಕೊಟ್ಟರೆ ಸಾಕು, ವೈದ್ಯಕೀಯ ತಪಾಸಣೆ ಇಲ್ಲ, 30 ದಿನದಲ್ಲಿ ಪ್ರಮಾಣಪತ್ರ. ಅರ್ಜಿದಾರರು ಹನ್ನೆರಡು ತಿಂಗಳಿಂದ ಸತತವಾಗಿ ಎಲ್ಲಿ ವಾಸವಿದ್ದಾರೋ ಆ ಜಿಲ್ಲೆಯ ಅಧಿಕಾರಿಗೆ ಅರ್ಜಿ ಹೋಗಬೇಕು. ಹಾಗಾಗಿ ಹಿಂಜವಡಿಯಲ್ಲಿ ವರ್ಷ ಕಳೆದ ವಿಜಯಪುರದವರ ಅರ್ಜಿ ಪುಣೆ ಕಲೆಕ್ಟರ್‌ಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಿದ್ದುಪಡಿ ಮಾತ್ರ ಕರ್ನಾಟಕದ ಮಂಡಳಿಗೆ. ತಿದ್ದುವ ಕಚೇರಿಗೆ 15 ದಿನದ ಗಡುವು. ತಿದ್ದಿದ ದಾಖಲೆಗೂ ಮೂಲದ ಕ್ರಮಸಂಖ್ಯೆಯೇ ಇರಬೇಕು. ಅಂದರೆ ಹೆಸರು, ಫೋಟೋ, ಲಿಂಗ ಮೂರೂ ಬದಲಾದರೂ ದಾಖಲೆಯನ್ನು ಗುರುತಿಸುವ ಸಂಖ್ಯೆ (ಪ್ರೈಮರಿ ಕೀ) ಬದಲಾಗಬಾರದು. ಇವುಗಳಿಂದಲೇ ಕೀ ಕಟ್ಟಿದ ವ್ಯವಸ್ಥೆ ಈ ನಿಯಮ ಪಾಲಿಸಲಾರದು.

2022ರಲ್ಲಿ ಮಹಾರಾಷ್ಟ್ರ ಪೊಲೀಸ್ ನೇಮಕಾತಿಯ ಆನ್‌ಲೈನ್ ಅರ್ಜಿಯಲ್ಲಿ ಮೂರನೇ ಆಯ್ಕೆ ಇಲ್ಲದ ವಿಷಯ ಆಡಳಿತ ನ್ಯಾಯಮಂಡಳಿಗೆ, ಅಲ್ಲಿಂದ ಬಾಂಬೆ ಹೈಕೋರ್ಟ್‌ಗೆ ಹೋಯಿತು. ಆಯ್ಕೆ ಸೇರಿಸುತ್ತೇವೆ, ನಿಯಮ ರೂಪಿಸುತ್ತೇವೆ ಎಂದು ಸರ್ಕಾರ ಒಪ್ಪಿದ್ದು ಆ ಡಿಸೆಂಬರ್‌ನಲ್ಲಿ. ಕರ್ನಾಟಕ 2021ರಲ್ಲೇ ಸರ್ಕಾರಿ ನೇಮಕಾತಿಯಲ್ಲಿ ಶೇ 1ರ ಮೀಸಲಾತಿ ತಂದಿತ್ತು.

ಹಾಗಾದರೆ ಹಳೇ ಪೇರೋಲನ್ನು ತಿದ್ದುವುದು ಹೇಗೆ? ಮೊದಲು ಆ ಕಾಲಂ ಓದುವ ಪ್ರತಿ ಸಾಲನ್ನೂ ಹುಡುಕಿ ಪಟ್ಟಿ ಮಾಡಿ. ಸಿಗುವುದು ಸಾಮಾನ್ಯವಾಗಿ ನಾಲ್ಕು ಬೇರೆ ಬೇರೆ ಕೆಲಸ: ಆಧಾರ್–ಪಿಎಫ್ ಜೊತೆ ತಾಳೆ, ವೃತ್ತಿ ತೆರಿಗೆ, ಆರೋಗ್ಯ ವಿಮೆ, ಪತ್ರದ ಮೇಲಿನ ‘ಶ್ರೀ’, ‘ಶ್ರೀಮತಿ’. ಕೊನೆಯದನ್ನು ಲಿಂಗದಿಂದ ಊಹಿಸುವುದು ಬಿಟ್ಟು ಉದ್ಯೋಗಿಯನ್ನೇ ಕೇಳಿ, ಖಾಲಿ ಬಿಡುವುದಕ್ಕೂ ಅವಕಾಶ ಕೊಡಿ. ತಾಳೆಗೆ ಬೇಕಾದದ್ದು ಆಧಾರ್‌ನಲ್ಲಿರುವ ಅಕ್ಷರ. ಅದನ್ನು ಬಂದ ಹಾಗೇ ಬೇರೆ ಕಾಲಮ್ಮಿನಲ್ಲಿಡಿ, ಪರದೆಯ ಮೇಲೆ ತೋರಿಸಬೇಡಿ. ವ್ಯಕ್ತಿ ತಾವಾಗಿ ಹೇಳಿದ ಗುರುತಿಗೆ ಪ್ರತ್ಯೇಕ ಜಾಗವಿರಲಿ. ಹೊಸ ಕಾಲಂ ಸೇರಿಸಿದ ಮೇಲೆ ಕೆಲಕಾಲ ಹಳೆಯದಕ್ಕೂ ಹೊಸದಕ್ಕೂ ಬರೆಯಿರಿ, ನಂತರ ಓದುವ ಕೋಡನ್ನು ಹೊಸದಕ್ಕೆ ತಿರುಗಿಸಿ, ಹಳೆಯದನ್ನು ಕೊನೆಗೆ ಕಿತ್ತುಹಾಕಿ. ವರ್ಗಾವಣೆಯ ವೇಳೆ ಖಾಲಿ ಇದ್ದಲ್ಲಿ ತಾನಾಗಿ ‘ಎಂ’ ತುಂಬಿಸುವ ಸ್ಕ್ರಿಪ್ಟ್ ಬೇಡವೇ ಬೇಡ. ತುಂಬಿದ್ದು ಯಾವುದು, ವ್ಯಕ್ತಿ ಹೇಳಿದ್ದು ಯಾವುದು ಎಂಬುದು ಆಮೇಲೆ ಬಿಡಿಸಲಾಗುವುದಿಲ್ಲ.

ಹೆಸರು ಬದಲಿಸಿಕೊಂಡ ಡೆವಲಪರ್‌ಗಳಿಗೆ ಹಳೇ ಹೆಸರು ಗಿಟ್ (ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ಇತಿಹಾಸದಲ್ಲೂ ಎದುರಾಗುತ್ತದೆ. ಹಾಗೆ ದಾಖಲಾದ ಒಂದೊಂದು ಬದಲಾವಣೆಯ (ಕಮಿಟ್) ಗುರುತುಸಂಖ್ಯೆಯಾದ ಹ್ಯಾಶ್‌ಗೆ ಬರೆದವರ ಹೆಸರೂ ಸೇರಿರುವುದರಿಂದ ಹಿಂದಿನದನ್ನು ತಿದ್ದಿದರೆ ಮುಂದಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ. ಹಳೇ ವಿಳಾಸವನ್ನು ಹೊಸ ಹೆಸರಿಗೆ ಜೋಡಿಸುವ ಮೇಲ್‌ಮ್ಯಾಪ್ ಫೈಲ್‌ನಲ್ಲಿ ಹೊಸ ಹೆಸರು, ಹೊಸ ಇಮೇಲ್, ಹಳೇ ಇಮೇಲ್ ಬರೆದರೆ ಲಾಗ್‌ನಲ್ಲಿ ಹೊಸ ಹೆಸರೇ ಕಾಣುತ್ತದೆ. ಹಳೇ ಹೆಸರನ್ನು ಆ ಫೈಲ್‌ನಲ್ಲಿ ಬರೆಯಬೇಕಾಗಿಯೇ ಇಲ್ಲ. ಇಮೇಲ್ ವಿಳಾಸದಲ್ಲೇ ಹಳೇ ಹೆಸರಿದ್ದರೆ ಮಾತ್ರ ಈ ಉಪಾಯ ಸಾಲದು. ಹೆಸರಿನ ಕೊಂಡಿ ತಪ್ಪಿದರೆ ಆಗುವ ನಷ್ಟ ಸಣ್ಣದಲ್ಲ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಲಿನ್ ಕಾನ್ವೇ ಅವರನ್ನು ಲಿಂಗ ಪರಿವರ್ತನೆಯ ಕಾರಣಕ್ಕೆ ಐಬಿಎಂ ಕೆಲಸದಿಂದ ತೆಗೆಯಿತು. ಪ್ರೊಸೆಸರ್ ವಿನ್ಯಾಸದಲ್ಲಿ ಅವರು ಅಲ್ಲಿ ಮಾಡಿದ್ದ ಕೆಲಸ ದಶಕಗಳ ಕಾಲ ಅವರ ಹೆಸರಿಗೆ ಸೇರಲಿಲ್ಲ. ಕಂಪನಿ ಕ್ಷಮೆ ಕೇಳಿದ್ದು 2020ರಲ್ಲಿ.

ಇನ್ನು ಆ 2,500 ರೂಪಾಯಿ. ವೃತ್ತಿ ತೆರಿಗೆಯ ವರ್ಗವನ್ನು ಲಿಂಗದ ಕಾಲಮ್ಮಿನಿಂದ ಬಿಡಿಸಿ, ಅದಕ್ಕೇ ಒಂದು ಕಾಲಂ ಮಾಡಿ. ಕೋಡ್‌ನಲ್ಲಿ ‘ಇಲ್ಲದಿದ್ದರೆ’ ಬೇಡ: ಗೊತ್ತಿರುವ ಎರಡು ವರ್ಗ ಬಿಟ್ಟು ಬೇರೆ ಬಂದರೆ ಲೆಕ್ಕ ನಿಲ್ಲಲಿ, ಪೇರೋಲ್ ವಿಭಾಗಕ್ಕೆ ಸೂಚನೆ ಹೋಗಲಿ. ಅಲ್ಲಿನವರು ಉದ್ಯೋಗಿಯ ಜೊತೆ ಮಾತಾಡಿ, ರಾಜ್ಯದ ಜಿಎಸ್‌ಟಿ ಇಲಾಖೆಗೆ ಲಿಖಿತವಾಗಿ ಕೇಳಿ, ಬಂದ ಉತ್ತರದ ದಿನಾಂಕವನ್ನು ಆ ದಾಖಲೆಯ ಪಕ್ಕದಲ್ಲೇ ನಮೂದಿಸಲಿ.