ಓಪನ್ ಫಿಲ್ಟರ್ ಮತ್ತು ಮೂರನೇ ಗೇರ್

ಹಳೆಯ ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಕೈ ಹಾಕುವುದು ಏರ್ ಫಿಲ್ಟರಿಗೆ. ಕಂಪನಿ ಕೊಟ್ಟ ಕರಿ ಡಬ್ಬಿಯನ್ನು ಕಿತ್ತು, ಹೊಳೆಯುವ ಪೈಪಿನ ತುದಿಗೆ ಓಪನ್ ಫಿಲ್ಟರ್ ಸಿಕ್ಕಿಸಿದರೆ ಮುಗಿಯಿತು. ಅರ್ಧ ಗಂಟೆಯ ಕೆಲಸ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಬುಸುಗುಡುತ್ತದೆ. ಕೆಲವು ತಿಂಗಳಿಗೆ ಗೇರ್ ಬಾಕ್ಸ್ ಕಟಕಟ ಅನ್ನತೊಡಗಿದಾಗ ಎಲ್ಲರೂ ಅದೇ ಫಿಲ್ಟರಿನತ್ತ ಬೆರಳು ತೋರಿಸುತ್ತಾರೆ. ನಿಜವಾಗಿ ಅದರ ಪಾಲು ಎಷ್ಟು?

ಅಮೆರಿಕದ ಫೋರ್ಡ್ ಮಸ್ಟಾಂಗ್ 5.0 ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಕಾರು. 1987ರಲ್ಲಿ ಅದರ ವಿ8 ಇಂಜಿನ್ 225 ಹಾರ್ಸ್‌ಪವರ್ ಕೊಡುತ್ತಿತ್ತು, ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 407 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿದ್ದ ಐದು ಗೇರಿನ ಟಿ-5 ಗೇರ್ ಬಾಕ್ಸ್ ತಡೆಯಬಲ್ಲದ್ದು ಎಂದು ನಿಗದಿಯಾಗಿದ್ದು ಸುಮಾರು 360 ಮಾತ್ರ! 1990ರ ಹೊತ್ತಿಗೆ ಅದನ್ನು ಇಂಜಿನ್ನಿಗೆ ಸಮನಾಗುವಷ್ಟು ಬಲಪಡಿಸಿದರು. ಅಂದರೆ ಶೋರೂಮಿನಿಂದ ಹೊರಬಂದ ದಿನವೇ ಈ ಗೇರ್ ಬಾಕ್ಸಿಗೆ ಉಸಿರಾಡಲು ಜಾಗ ಇರಲಿಲ್ಲ.

ಈಗ ಗಾಳಿಯ ವಿಚಾರ. ಈ ಇಂಜಿನ್ 5000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 5000 ಸುತ್ತು) ನಿಮಿಷಕ್ಕೆ ಹೆಚ್ಚುಕಡಿಮೆ 10,000 ಲೀಟರ್ ಗಾಳಿ ನುಂಗುತ್ತದೆ. ನಮ್ಮ ಮನೆ ಮೇಲಿನ 1000 ಲೀಟರ್ ನೀರಿನ ಟ್ಯಾಂಕ್ ಇದೆಯಲ್ಲ, ಅಂಥ ಹತ್ತು. ದಾರಿ ಸಲೀಸಾದಷ್ಟೂ ಗಾಳಿ ಜಾಸ್ತಿ, ಗಾಳಿ ಜಾಸ್ತಿಯಾದಷ್ಟೂ ಉರಿಸಬಹುದಾದ ಪೆಟ್ರೋಲ್ ಜಾಸ್ತಿ. ಲೆಕ್ಕ ಸರಿಯೇ. ಆದರೆ ಮಸ್ಟಾಂಗಿನ ಮೂಲ ಡಬ್ಬಿ ಮೊದಲೇ ಮಡ್‌ಗಾರ್ಡಿನ ಒಳಗಿಂದ ತಣ್ಣನೆಯ ಗಾಳಿ ಎಳೆಯುತ್ತಿತ್ತು. ಅದನ್ನು ತೆಗೆದು ಬಾನೆಟ್ ಒಳಗೇ ಫಿಲ್ಟರನ್ನು ತೆರೆದಿಟ್ಟರೆ ಅದು ಕುಡಿಯುವುದು ರೇಡಿಯೇಟರಿನ ಬಿಸಿ. 30 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿಯಲ್ಲಿ ಆಮ್ಲಜನಕ ಶೇ. 9ರಷ್ಟು ಕಡಿಮೆ. ಸದ್ದು ಜಾಸ್ತಿ, ಶಕ್ತಿ ಕಡಿಮೆ!

1993ರಲ್ಲಿ ಫೋರ್ಡ್ ತಾನೇ ಕೋಬ್ರಾ ಎಂಬ ಮಸ್ಟಾಂಗ್ ತಂದಿತು. ಸಿಲಿಂಡರ್ ಹೆಡ್, ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡ್ ಎರಡನ್ನೂ ಬದಲಿಸಿತ್ತು. ಅದೇ ವರ್ಷದ ಸಾದಾ 5.0ಗೆ 205 ಎಂದು (ಹಳೆಯ 225ನ್ನು ಫೋರ್ಡ್ ಆಗ ಇಳಿಸಿತ್ತು) ಬರೆದಿದ್ದರೆ ಕೋಬ್ರಾಗೆ 235. ಇಷ್ಟೆಲ್ಲ ಬದಲಿಸಿದರೆ 30 ಹಾರ್ಸ್‌ಪವರ್. ಬರೀ ಫಿಲ್ಟರ್ ಮತ್ತು ಪೈಪಿನಿಂದ ಎಷ್ಟು ಬಂದೀತು, ನೀವೇ ಅಂದಾಜು ಮಾಡಿ.

ಸ್ವಲ್ಪ ಉದಾರವಾಗಿಯೇ ಶೇ. 3 ಟಾರ್ಕ್ ಹೆಚ್ಚಿತು ಅನ್ನೋಣ. ತಿರುಗುವ ಶಾಫ್ಟನ್ನು ಹಿಡಿದಿಡುವ ಬಾಲ್ ಬೇರಿಂಗಿಗೆ ಒಂದು ನಿಯಮವಿದೆ: ಭಾರ ಹೆಚ್ಚಿದಂತೆ ಅದರ ಘನದ ಲೆಕ್ಕದಲ್ಲಿ ಆಯಸ್ಸು ಇಳಿಯುತ್ತದೆ. ಭಾರ ಶೇ. 3 ಏರಿದರೆ ಆಯಸ್ಸು ಸುಮಾರು ಶೇ. 8 ಕಡಿಮೆ. ಶೇ. 10 ಏರಿದರೆ ಕಾಲು ಭಾಗವೇ ಹೋಯಿತು. ಕೇಳಲು ಭಯವಾಗುತ್ತದೆ. ಆದರೆ ಆ ಹೆಚ್ಚುವರಿ ಟಾರ್ಕ್ ಸಿಗುವುದು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಮಾತ್ರ. ದಿನದ ಓಡಾಟದಲ್ಲಿ ಅದು ಎಷ್ಟು ಸೆಕೆಂಡು, ಅಲ್ವಾ?

ಹಾಗಾದರೆ ಟಿ-5 ಮುರಿಯುವುದು ಯಾಕೆ? ಉತ್ತರ ಕ್ಲಚ್ ಪೆಡಲಿನ ಹತ್ತಿರ ಇದೆ. ಇಂಜಿನ್ನನ್ನು 4000 ಆರ್‌ಪಿಎಂಗೆ ಏರಿಸಿ ಕ್ಲಚ್ಚನ್ನು ಫಟ್ಟನೆ ಬಿಟ್ಟರೆ, ತಿರುಗುತ್ತಿರುವ ಭಾರದ ಫ್ಲೈವೀಲ್ ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಒಂದೇ ಏಟಿಗೆ ಸುರಿಯುತ್ತದೆ. ಆ ಕ್ಷಣದ ಟಾರ್ಕ್ ಇಂಜಿನ್ನಿನ ಗರಿಷ್ಠ ಟಾರ್ಕನ್ನೂ ಮೀರುತ್ತದೆ. ಹಲ್ಲಿಗೆ ಹಲ್ಲು ಒತ್ತಿದಾಗ ಗೇರುಗಳು ಒಂದನ್ನೊಂದು ದೂರ ತಳ್ಳುತ್ತವೆ. ಶಾಫ್ಟನ್ನು ಹಿಡಿದಿರುವ ಬೇರಿಂಗ್ ಇರುವುದು ಎರಡು ತುದಿಯಲ್ಲಿ, ಬಾಗುವುದು ನಡುವೆ. ಬಾಗಿದಾಗ ಹಲ್ಲುಗಳು ಪೂರ್ತಿ ಕೂರದೆ ಅಂಚಿನಲ್ಲಷ್ಟೇ ಕಚ್ಚುತ್ತವೆ. ಎರಡು, ಮೂರನೇ ಗೇರುಗಳಿಗೆ ಈ ಕಷ್ಟ ಜಾಸ್ತಿ. ಟಿ-5 ಬಿಚ್ಚಿದ ಮೆಕ್ಯಾನಿಕ್ಕುಗಳು ಮೂರನೇ ಗೇರಿನ ಉದುರಿದ ಹಲ್ಲು ಹೆಕ್ಕುವುದು ಸುಮ್ನೆ ಅಲ್ಲ.

ಕಾರು ಹಳೆಯದಾದರೆ ಇನ್ನೊಂದು ಸೇರಿಕೊಳ್ಳುತ್ತದೆ. ಗೇರ್ ಬಾಕ್ಸಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಡಿಫರೆನ್ಷಿಯಲ್, ಇಂಜಿನ್ ಮೌಂಟಿನ ರಬ್ಬರ್ ಎಲ್ಲ ಸವೆದು ಅಲ್ಲಲ್ಲಿ ಸಂದು ಬಿಟ್ಟಿರುತ್ತದೆ. ಆ ಸಂದಿನಲ್ಲಿ ಲೋಹ ವೇಗ ಪಡೆದು ಹೋಗಿ ಗುದ್ದುತ್ತದೆ. ತಳ್ಳುವುದಕ್ಕೂ ಸುತ್ತಿಗೆಯಲ್ಲಿ ಹೊಡೆಯುವುದಕ್ಕೂ ಇರುವಷ್ಟೇ ವ್ಯತ್ಯಾಸ. ಟೈರ್ ಜಾರಿದರೆ ಏಟು ಅಲ್ಲೇ ಕಳೆದುಹೋಗುತ್ತದೆ, ಮನೆಯ ಫ್ಯೂಸ್ ಇದ್ದಂತೆ. ಒಳ್ಳೆಯ ಹಿಡಿತದ ಅಗಲ ಟೈರ್ ಹಾಕಿದವರು ಆ ಫ್ಯೂಸನ್ನೇ ಕಿತ್ತಂತಾಯಿತು.

ಫಿಲ್ಟರಿಗೆ ಇಲ್ಲಿ ಪಾಲೇ ಇಲ್ಲ ಅನ್ನಲಾರೆ. ಆ ಬುಸುಗುಡುವ ಸದ್ದು ಇದೆಯಲ್ಲ, ಅದನ್ನು ಕೇಳಲೆಂದೇ ಜನ ಮತ್ತೆ ಮತ್ತೆ ಆಕ್ಸಿಲರೇಟರ್ ತುಳಿಯುತ್ತಾರೆ. ನನ್ನ ಅನುಮಾನ ಗಾಳಿಗಿಂತ ಬಲಗಾಲಿನ ಮೇಲೇ ಜಾಸ್ತಿ.

ಧೂಳಿನದು ಬೇರೆಯೇ ಕಥೆ. ನೂರರಲ್ಲಿ 99 ಕಣ ತಡೆಯುವ ಫಿಲ್ಟರ್ ತೆಗೆದು 97 ತಡೆಯುವುದನ್ನು ಹಾಕಿದರೆ, ಅಂತರ ಎರಡೇ ಅನ್ನಿಸುತ್ತದೆ. ಒಳಗೆ ಹೋಗುವ ಧೂಳು ಮಾತ್ರ ಮೂರು ಪಟ್ಟು. ಮರಳಿನ ಸಣ್ಣ ಕಣ ಪಿಸ್ಟನ್ ರಿಂಗ್ ಉಜ್ಜಿ, ಆಯಿಲಿಗಿಳಿದು, ಇಂಜಿನ್ನಿನ ಬೇರಿಂಗ್ ತಲುಪುತ್ತದೆ. ಮಸ್ಟಾಂಗಿನ ಗೇರ್ ಬಾಕ್ಸಿಗೆ ಬೇರೆಯೇ ಆಯಿಲ್ ಇರುವುದರಿಂದ ಅದು ಬಚಾವ್. ನಮ್ಮ ಹೆಚ್ಚಿನ ಫೋರ್ ಸ್ಟ್ರೋಕ್ ಬೈಕುಗಳಿಗೆ ಆ ಭಾಗ್ಯವಿಲ್ಲ. ಇಂಜಿನ್, ಕ್ಲಚ್, ಗೇರ್ ಮೂರಕ್ಕೂ ಒಂದೇ ಆಯಿಲ್. ಸ್ಟೈಲಿಗೆಂದು ಓಪನ್ ಫಿಲ್ಟರ್ ಹಾಕಿ ಮಣ್ಣು ರಸ್ತೆಗೆ ಇಳಿಯುವವರ ಬೈಕಿನಲ್ಲಿ ಧೂಳು ಗೇರಿನ ತನಕವೂ ಹೋಗುತ್ತದೆ.

ಇದನ್ನು ಕಂಡುಹಿಡಿಯಲು ಲ್ಯಾಬ್ ಬೇಕಿಲ್ಲ. ಫಿಲ್ಟರ್ ಬಿಚ್ಚಿ, ಅದರಿಂದ ಇಂಜಿನ್ ಕಡೆಗಿರುವ ಪೈಪಿನ ಒಳಗನ್ನು ಒಂದು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಹಳೆಯ ಕರಿ ಡಬ್ಬಿಯನ್ನು ಎಲ್ಲಿಟ್ಟಿದ್ದೀರಿ ಅಂತ ಹುಡುಕಿ.