ದೊಡ್ಡವರ ಗುಳಿಗಿ ಅರ್ಧ ಮುರಿದು ಮಗುವಿಗೆ ಕೊಡಬಹುದೇ?

ರಾಣೆಬೆನ್ನೂರಿನಿಂದ ಬಂದ ಪ್ರಶ್ನೆ: “ನಮ್ಮ ಹುಡುಗಿ 10 ಕಿಲೋ ಅದಾಳ್ರಿ. ರಾತ್ರಿ ಜ್ವರ ಬಂದ್ರ ಮನ್ಯಾಗಿನ 650ರ ಪ್ಯಾರಾಸಿಟಮಾಲ್ ಅರ್ಧ ಮುರದು ಕೊಟ್ರ ನಡೀತೈತೇನ್ರಿ? ಮಕ್ಕಳಿಗಂತ ಬ್ಯಾರೆ ಪರೀಕ್ಷಾ ಯಾಕ ಮಾಡೂದಿಲ್ಲ?”

ಕೊಡಬೇಡಿ. ಮಕ್ಕಳಿಗೆ ಪ್ಯಾರಾಸಿಟಮಾಲ್ ಪ್ರಮಾಣ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ನಿಮ್ಮ ಮಗಳಿಗೆ ಹೆಚ್ಚೆಂದರೆ 150. ಅರ್ಧ ಗುಳಿಗಿಯಲ್ಲೇ 325 ಇರುತ್ತದೆ. ಕಾಲು ಮಾಡಲು ಹೋದರೆ ತುಂಡು ಸಮ ಬರುವುದಿಲ್ಲ, ಪುಡಿ ಉದುರುತ್ತದೆ.

ಸಿರಪ್ಪಿನಲ್ಲೂ ಲೆಕ್ಕ ತಪ್ಪುತ್ತದೆ. 5 ಮಿ.ಲೀ.ಗೆ 120 ಮಿ.ಗ್ರಾಂ ಇರುವುದೂ ಉಂಟು, 250 ಇರುವುದೂ ಉಂಟು. ಡ್ರಾಪ್ಸ್ ಆದರೆ 1 ಮಿ.ಲೀ.ಗೇ 100. ಹುಬ್ಬಳ್ಳಿಯ ಡಾಕ್ಟರು 120ರದ್ದನ್ನು 6 ಮಿ.ಲೀ. ಅಂತ ಬರೆದಿರುತ್ತಾರೆ, ಊರಿನ ಮೆಡಿಕಲ್ ಶಾಪಿನಲ್ಲಿ 250ರ ಬಾಟಲಿ ಸಿಕ್ಕರೆ ಅದೇ 6 ಮಿ.ಲೀ.ನಲ್ಲಿ 300 ಮಿ.ಗ್ರಾಂ ಹೊಟ್ಟೆಗೆ ಹೋಗುತ್ತದೆ. ಚೀಟಿಯ ಮಿ.ಲೀ. ನೋಡುವ ಮುಂಚೆ ಬಾಟಲಿಯ ಮಿ.ಗ್ರಾಂ ನೋಡಿ. ಅಡುಗೆಮನೆಯ ಚಮಚ ಬೇಡ, ಸಿರಿಂಜ್ ಅಥವಾ ಗೆರೆಯಿರುವ ಮುಚ್ಚಳವೇ ಆಗಬೇಕು. ಎರಡು ಸಲದ ನಡುವೆ 4ರಿಂದ 6 ತಾಸು ಬಿಡಿ. ದಿನಕ್ಕೆ ನಾಲ್ಕು ಸಲ ಮೀರಬೇಡಿ.

ಇನ್ನು ಮಕ್ಕಳಲ್ಲಿ ಔಷಧ ಪರೀಕ್ಷೆ ಮಾಡುವ ಮಾತು. ತೂಕದ ಲೆಕ್ಕವೊಂದೇ ಸಾಕಾಗಿದ್ದರೆ ಪರೀಕ್ಷೆ ಬೇಕಿರಲಿಲ್ಲ. 1950ರ ದಶಕದಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟ ನವಜಾತ ಶಿಶುಗಳು ಬೂದಿಬಣ್ಣಕ್ಕೆ ತಿರುಗಿ ಸತ್ತವು. ಆ ಔಷಧವನ್ನು ಕರಗಿಸಿ ಹೊರಹಾಕುವ ಶಕ್ತಿ ಅವುಗಳ ಯಕೃತ್ತಿಗೆ ಇನ್ನೂ ಬಂದಿರಲಿಲ್ಲ. ಇಂಥದ್ದು ಮಕ್ಕಳಲ್ಲೇ ಅಧ್ಯಯನ ಮಾಡದೆ ಗೊತ್ತಾಗದು. ಆದರೆ ಮಾರುಕಟ್ಟೆ ಚಿಕ್ಕದು, ಖರ್ಚು ಹೆಚ್ಚು. ಕಂಪನಿಗಳು ತಾವಾಗಿ ಮುಂದೆ ಬರುವುದು ಕಡಿಮೆ. ಅದಕ್ಕೇ ಅಮೆರಿಕ ಮಕ್ಕಳ ಅಧ್ಯಯನ ಮಾಡಿದವರಿಗೆ ಮಾರಾಟದ ಏಕಸ್ವಾಮ್ಯವನ್ನು 6 ತಿಂಗಳು ಹೆಚ್ಚು ಕೊಡುತ್ತದೆ. ಯುರೋಪಿನಲ್ಲಿ 2007ರಿಂದ ಹೊಸ ಔಷಧಕ್ಕೆ ಅನುಮತಿ ಕೇಳುವವರು ಸಾಮಾನ್ಯವಾಗಿ ಮಕ್ಕಳ ಅಧ್ಯಯನದ ಯೋಜನೆಯನ್ನೂ ಒಪ್ಪಿಸಬೇಕು. ಆಮಿಷಕ್ಕಿಂತ ಈ ಕಡ್ಡಾಯವೇ ಮೇಲು ಎನ್ನಬೇಕು.

ನಮ್ಮಲ್ಲಿ ಪ್ರಯೋಗಕ್ಕೆ 2019ರ ನಿಯಮಗಳಿವೆ: ನೈತಿಕ ಸಮಿತಿಯ ಒಪ್ಪಿಗೆ, ಪಾಲಕರ ಸಹಿ ಬೇಕೇ ಬೇಕು, ತಿಳಿವಳಿಕೆ ಬಂದ ಮಗುವನ್ನೂ ಕೇಳಬೇಕು. ಮಾರುಕಟ್ಟೆಗೆ ಬಂದದ್ದರ ಮೇಲೂ ಕಡಿವಾಣವಿದೆ. ಜ್ವರ, ನೋವಿಗೆ ಕೊಡುವ ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011ರಿಂದ ನಿಷಿದ್ಧ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಕೂಡಿದ ನೆಗಡಿ ಔಷಧದ ಮೇಲೆ ‘4 ವರ್ಷದೊಳಗಿನವರಿಗೆ ಬೇಡ’ ಎಂದು ಮುದ್ರಿಸಲು 2023ರಲ್ಲಿ ಆದೇಶವಾಯಿತು. ಹಳೇ ಬಾಟಲಿಯಲ್ಲಿ ಆ ಸಾಲು ಇಲ್ಲದಿರಬಹುದು, ಹೆಸರುಗಳನ್ನೇ ಓದಿ.

ಔಷಧ ಕೊಟ್ಟ ಮೇಲೆ ಗಂದೆ, ವಾಂತಿ, ವಿಪರೀತ ನಿದ್ದೆ ಕಂಡರೆ, ಮೂತ್ರ ನಿಂತರೆ ಮಗುವನ್ನು ತಡಮಾಡದೆ ದವಾಖಾನೆಗೆ ಒಯ್ಯಿರಿ. ಬಾಟಲಿ ಎಸೆಯಬೇಡಿ, ಬ್ಯಾಚ್ ನಂಬರ್ ಅದರ ಮೇಲೇ ಇರುತ್ತದೆ. ಆಮೇಲೆ ಔಷಧದ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ಸಹಾಯವಾಣಿ 1800-180-3024ಕ್ಕೆ ತಿಳಿಸಿ, ಕರೆ ಉಚಿತ.